ಹಳೇ ಲ್ಯಾಪ್‌ಟಾಪ್ ಮಾರುವವರು ದಯವಿಟ್ಟು ಓದಿ: 14 ಸಾವಿರ ಅಂತ ಕರೆಸಿ 6,500 ಕೊಟ್ಟು ಕಳಿಸಿದರು

ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ದುಡ್ಡು ಹೋಗಿದ್ದು ಒಂದು ಕಡೆ, ತಮ್ಮನಿಗೆ ಏನಂತ ಹೇಳಲಿ ಅನ್ನೋದು ಇನ್ನೊಂದು ಕಡೆ. ಲ್ಯಾಪ್‌ಟಾಪ್ ಅವನದು. "ಅಣ್ಣಾ, 12 ಸಾವಿರಕ್ಕಿಂತ ಕಡಿಮೆಗೆ ಕೊಡಬೇಡ" ಅಂತ ಎರಡು ಸಲ ಹೇಳಿದ್ದ. ಎರಡು ಸಲ!

ಡೆಲ್ ಲ್ಯಾಟಿಟ್ಯೂಡ್ 5490, 2018ರಲ್ಲಿ ಕೊಂಡಿದ್ದು. ಇಂಟೆಲ್ ಐ5-8250ಯು ಪ್ರೊಸೆಸರ್. ಆಮೇಲೆ ಅವನೇ ರ‍್ಯಾಮ್ 16 ಜಿಬಿ ಮಾಡಿಸಿ, 512 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ವಾಟ್ಸಾಪ್‌ನಲ್ಲಿ ಎಲ್ಲಾ ಫೋಟೊ ಕಳಿಸಿದೆ. "14 ಸಾವಿರ ಪಕ್ಕಾ ಸರ್, ತಗೊಂಡು ಬನ್ನಿ" ಅಂತ ಬರೆದರು. ನಾನು ಇರೋದು ತುಮಕೂರಿನಲ್ಲಿ. ರಜೆ ಹಾಕಿ, ಬಸ್ಸು ಹತ್ತಿ, 70 ಕಿಲೋಮೀಟರ್ ಹೋದೆ.

ಕೂತುಕೊಳ್ಳೋಕೂ ಮುಂಚೆ ಹುಡುಗ ಸ್ಕ್ರೂ ಬಿಚ್ಚಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. "ಬ್ಯಾಟರಿ ವೀಕ್ ಸರ್, 2 ಸಾವಿರ ಕಮ್ಮಿ." ಸರಿ, ಹಳೇದು ಅಲ್ವಾ, ಒಪ್ಪಿದೆ. "ಹಿಂಜ್ ಲೂಸ್ ಇದೆ, ಇನ್ನೊಂದು ಸಾವಿರ." ಅದಕ್ಕೂ ಒಪ್ಪಿದೆ. 11 ಸಾವಿರಕ್ಕೆ ಬಂತು. ಆಗ ಗಲ್ಲಾದಲ್ಲಿ ಕೂತಿದ್ದ ಮಾಲೀಕ ಶುರು ಮಾಡಿದ. "ಇದಕ್ಕೆ ವಿಂಡೋಸ್ 11 ಬರಲ್ಲ ಸರ್. ವಿಂಡೋಸ್ 10ನ ಮೈಕ್ರೋಸಾಫ್ಟ್‌ನವರೇ ನಿಲ್ಲಿಸಿಬಿಟ್ಟಿದ್ದಾರೆ. ಇದು ಇನ್ನು ಸ್ಕ್ರಾಪೇ. 6,500 ಕೊಡ್ತೀನಿ, ಅದೂ ನೀವು ದೂರದಿಂದ ಬಂದಿದ್ದೀರಿ ಅಂತ."

ನಾನು ಏನು ಮಾಡಿದೆ ಗೊತ್ತಾ? "ಹೌದು ಹೌದು, ನಾನೂ ಪೇಪರ್‌ನಲ್ಲಿ ಓದಿದ್ದೆ" ಅಂದೆ. ಅವನ ಸುಳ್ಳಿಗೆ ನಾನೇ ಸಾಕ್ಷಿ ಹೇಳಿದೆ. ಈ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಯಾಕೆ ನಂಬಿದೆ ಅಂದರೆ, ಅರ್ಧ ನಿಜ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದು ನಿಜ. ಸಾಮಾನ್ಯವಾಗಿ ಇಂಟೆಲ್ 7ನೇ ಜನರೇಷನ್ ಪ್ರೊಸೆಸರ್ ಮತ್ತು ಅದಕ್ಕಿಂತ ಹಳೆಯವಕ್ಕೆ ವಿಂಡೋಸ್ 11 ಇಲ್ಲ ಅನ್ನೋದೂ ನಿಜ. ಆದರೆ 8250 ಅಂದರೆ ಮೊದಲ ಅಂಕಿ 8, ಅಂದರೆ 8ನೇ ಜನರೇಷನ್. ಇದಕ್ಕೆ ವಿಂಡೋಸ್ 11 ಆರಾಮಾಗಿ ಬರುತ್ತದೆ! ದಿನಾ ಇದೇ ವ್ಯಾಪಾರ ಮಾಡುವವನಿಗೆ ಇದು ಗೊತ್ತಿಲ್ಲವಾ? ಗೊತ್ತಿದ್ದೇ ಹೇಳಿದ. ಬಂದ ದಾರಿಗೆ ಸುಂಕ ಇಲ್ಲ ಅಂತ ಎತ್ತಿಕೊಂಡು ವಾಪಸ್ ಬರಬೇಕಿತ್ತು. ಹಿಂದಿನ ಕವರ್ ಬಿಚ್ಚಿ ಹರಡಿದ್ದರು, ಬಸ್ಸಿಗೆ ಹೊತ್ತಾಗಿತ್ತು, ಬರಿಗೈಲಿ ಹೋಗೋದು ಹೇಗೆ ಅನ್ನಿಸಿತು. ಕೊಟ್ಟುಬಿಟ್ಟೆ.

ಮೂರನೇ ದಿನ ಅದೇ ನಂಬರಿನ ವಾಟ್ಸಾಪ್ ಸ್ಟೇಟಸ್ ನೋಡಿದೆ. "ಲ್ಯಾಟಿಟ್ಯೂಡ್, 16 ಜಿಬಿ, ವಿಂಡೋಸ್ 11, ಸೂಪರ್ ಕಂಡೀಷನ್, 19,500." ಕೀಬೋರ್ಡ್ ಪಕ್ಕ ತಮ್ಮನ ಕಾಲೇಜಿನ ಸ್ಟಿಕ್ಕರ್ ಕಿತ್ತಿದ್ದ ಕಲೆ ಹಾಗೇ ಇದೆ. ನಮ್ಮದೇ!

ಫೋನ್ ಮಾಡಿದೆ.

"ವಿಂಡೋಸ್ 11 ಬರಲ್ಲ ಅಂದ್ರಲ್ಲ?"

"ನಾವು ಸರ್ವಿಸ್ ಮಾಡಿ ಹಾಕಿದ್ದೀವಿ ಸರ್."

"ಬರೋದೇ ಇಲ್ಲ, ಸ್ಕ್ರಾಪ್ ಅಂದಿದ್ರಿ."

"ಬಿಸಿನೆಸ್ ಅಲ್ವಾ ಸರ್. ನಾವೇನು ಬಲವಂತ ಮಾಡಿದ್ವಾ? ನೀವೇ ತಾನೇ ಪೇಪರ್‌ನಲ್ಲಿ ಓದಿದ್ದೀನಿ ಅಂದಿದ್ದು?"

ನನ್ನ ಮಾತನ್ನೇ ನನಗೆ ತಿರುಗಿಸಿದ. ಆಮೇಲೆ ನಂಬರ್ ಬ್ಲಾಕ್.

ಅಂಗಡಿಯವರು ಲಾಭ ಮಾಡಬಾರದು ಅಂತ ನಾನು ಹೇಳ್ತಾ ಇಲ್ಲ. ಬಾಡಿಗೆ ಇದೆ, ವಾರಂಟಿ ಕೊಡಬೇಕು, ಇದ್ದೇ ಇದೆ. 19 ಸಾವಿರಕ್ಕೆ ಮಾರುವವನು 12 ಕೊಟ್ಟಿದ್ದರೆ ನಾನು ಖುಷಿಯಾಗಿ ಬರುತ್ತಿದ್ದೆ. ಎಸ್.ಪಿ. ರಸ್ತೆಯಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರೂ ಇದ್ದಾರೆ. ಆದರೆ ಸುಳ್ಳು ಹೇಳಿ ಬೆಲೆ ಇಳಿಸೋದು ವ್ಯಾಪಾರ ಅಲ್ಲ.

ಹೋಗೋಕೆ ಮುಂಚೆ ಮನೆಯಲ್ಲೇ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನೋ ಆಪ್ ಹಾಕಿ ನೋಡಿ. ವಿಂಡೋಸ್ 11 ಬರುತ್ತಾ ಇಲ್ವಾ ಅಂತ ಅದೇ ಹೇಳುತ್ತದೆ, ಪುಕ್ಕಟೆ. ನಾನು ಅಷ್ಟೂ ಮಾಡಲಿಲ್ಲ. ನಿಮ್ಮದೇ ಮಾಡೆಲ್ಲು ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಮಾರಾಟಕ್ಕಿದೆ ಅಂತ ನಾಲ್ಕೈದು ಕಡೆ ನೋಡಿ, ಅಂಗಡಿಯವನ ಪಾಲು ಕಳೆದು, ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನೋ ಬೆಲೆ ಬರೆದುಕೊಂಡು ಹೋಗಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಜಾಸ್ತಿ ರ‍್ಯಾಮ್ ಹಾಕಿಸಿದ್ದರೆ ಅದನ್ನು ಸುಮ್ನೆ ಬಿಟ್ಟುಕೊಡಬೇಡಿ. ರೇಟು ಕುದುರುವ ತನಕ ಸ್ಕ್ರೂ ಮುಟ್ಟೋಕೆ ಬಿಡಬೇಡಿ. ಒಬ್ಬರೇ ಹೋಗಬೇಡಿ.

"14 ಸಾವಿರ ಪಕ್ಕಾ" ಅನ್ನೋ ಮೆಸೇಜ್ ಇನ್ನೂ ನನ್ನ ಫೋನಲ್ಲಿದೆ. ಇವತ್ತು ಸಂಜೆ ತಮ್ಮನಿಗೆ ಎಲ್ಲಾ ಹೇಳುತ್ತೇನೆ. ಕಡಿಮೆಯಾದ 5,500 ನನ್ನ ಸಂಬಳದಿಂದ ಹಾಕಿ ಅವನಿಗೆ 12 ಸಾವಿರ ಕಳಿಸುತ್ತೇನೆ.