ಬೇಲಿಗೆ 170 ಗುಂಡಿ: ಸಬ್ಬಲ್, ಕೈ ಮಷಿನ್, ಟ್ರ್ಯಾಕ್ಟರ್ ಡಿಗ್ಗರ್, ಜೆಸಿಬಿ

ನಮ್ಮ ಹೊಲ ಚಿತ್ತಾಪುರ ತಾಲೂಕಿನಲ್ಲಿದೆ, ಕಾಗಿಣಾ ಹೊಳೆಯಿಂದ ದೂರವಿಲ್ಲ. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಂದಿಯೂ ಬರುತ್ತದೆ, ಚಿಗರಿಯೂ ಬರುತ್ತದೆ. ಎರಡು ವರ್ಷ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಕಾದು ಸಾಕಾಯಿತು. ಕಳೆದ ಸಲ ರಾಶಿ ಮುಗಿದ ಮೇಲೆ 4 ಎಕರೆಗೆ ಮುಳ್ಳುತಂತಿ ಹಾಕಿಸಿಯೇ ಬಿಡೋಣ ಅಂತ ಮನೆಯಲ್ಲಿ ಮಾತಾಯಿತು. ಹೊಲದ ಸುತ್ತಳತೆ ಸುಮಾರು 1,700 ಅಡಿ. 10 ಅಡಿಗೊಂದು ಕಂಬ. ಅಂದರೆ 170 ಗುಂಡಿ, ಒಂದೊಂದೂ ಎರಡೂವರೆ ಅಡಿ ಆಳ.

ಕಲ್ಲು ಕಂಬ ಎಲ್ಲಿ ಸಿಗುತ್ತದೆ, ತಂತಿ ಎಷ್ಟು ಕೆಜಿ ಬೇಕು ಅಂತ ಎಲ್ಲರೂ ಹೇಳಿದರು. ಗುಂಡಿ ಹೇಗೆ ತೋಡಬೇಕು ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮದು ಒಂದೇ ನಮೂನೆಯ ನೆಲವೂ ಅಲ್ಲ. ಮುಕ್ಕಾಲು ಭಾಗ ಎರೆ ಮಣ್ಣು. ರಸ್ತೆ ಬದಿಯ ಒಡ್ಡಿಗೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು. ಮೂಲೆಯಲ್ಲಿ ಒಂದೂವರೆ ಅಡಿ ಕೆಳಗೆ ಹೋದರೆ ಪರಸಿ, ಅದೇ ನಮ್ಮ ಶಹಾಬಾದ್ ಕಲ್ಲು. ಹೀಗಾಗಿ ಒಂದೇ ಬೇಲಿಗೆ ಮೂರು ವಿಧಾನ ಬಳಸಿದೆವು. ನಾಲ್ಕನೆಯದನ್ನು ಹುಮನಾಬಾದ್ ಕಡೆ ಇರುವ ಭಾವನ ಮಾವಿನ ತೋಟದಲ್ಲಿ ನೋಡಿದೆ.

ಸಬ್ಬಲ್ ಮತ್ತು ಸಲಿಕೆ

ಮೊದಲ 20 ಗುಂಡಿ ಕೈಯಿಂದಲೇ ತೋಡಿಸಿದೆವು. ಇಬ್ಬರು ಆಳು, ಎರಡು ದಿನ. ಫೆಬ್ರವರಿಯ ಎರೆ ನೆಲ ಮೇಲಿನ ಒಂದು ಅಡಿ ಬಿರುಕು ಬಿಟ್ಟು ಕಲ್ಲಿನಂತೆ ಆಗಿರುತ್ತದೆ. ಸಬ್ಬಲ್ (ಕಬ್ಬಿಣದ ಹಾರೆ) ಹೊಡೆದರೆ ಹೆಂಟೆ ಹೆಂಟೆಯಾಗಿ ಏಳುತ್ತದೆ. ಅದರ ಕೆಳಗೆ ಮೆತ್ತಗೆ ಸಿಗುತ್ತದೆ, ಆದರೆ ಗುಂಡಿ ಚಿಕ್ಕದಾದ್ದರಿಂದ ಸಲಿಕೆ ಆಡಿಸಲು ಜಾಗ ಇರುವುದಿಲ್ಲ. ಕೂತು ಕೈಯಿಂದ ಮಣ್ಣು ಎತ್ತಬೇಕು. ಕೆಲಸ ಚೆನ್ನಾಗಿಯೇ ಆಯಿತು, ಗುಂಡಿ ನೆಟ್ಟಗೆ ಬಂತು. ಆದರೆ 170 ಮುಗಿಯಬೇಕಾದರೆ ಎರಡು ವಾರ ದಾಟುತ್ತಿತ್ತು. ಬೇಸಿಗೆಯ ಬಿಸಿಲಲ್ಲಿ ಅಷ್ಟು ದಿನ ಆ ಇಬ್ಬರನ್ನು ದುಡಿಸಲು ನನಗೇ ಮನಸ್ಸಾಗಲಿಲ್ಲ.

ಆದರೂ ಪರಸಿ ಇರುವ ಮೂಲೆಯ 23 ಗುಂಡಿಗೆ ಅವರೇ ಬೇಕಾಯಿತು. ಮಷಿನ್‌ಗೆ ಹಾಕುವ ಯಾವ ಬೈರಿಗೆಯೂ (ತಿರುಗುತ್ತಾ ನೆಲ ಕೊರೆಯುವ ದೊಡ್ಡ ಸ್ಕ್ರೂ) ಆ ಹಾಸುಕಲ್ಲಿನ ಮೇಲೆ ಸುಮ್ನೆ ತಿರುಗುತ್ತದೆ ಅಷ್ಟೇ, ಹಲ್ಲು ಸವೆಯುತ್ತದೆ. ಅವರಲ್ಲಿ ಒಬ್ಬರು ಕಲ್ಲಿನ ಗಣಿಯಲ್ಲಿ ದುಡಿದವರು. ಪರಸಿಯ ಪದರ ಎಲ್ಲಿ ಬಿಡುತ್ತದೆ ಅಂತ ಉಳಿ ತಾಗಿಸಿಯೇ ಹೇಳುತ್ತಿದ್ದರು. ಬಿಡದ ಕಡೆ ಕಲ್ಲಿನವರೆಗೆ ಅಗಲವಾಗಿ ತೋಡಿ, ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿದೆವು.

ಪೆಟ್ರೋಲ್ ಕೈ ಮಷಿನ್

ಇದನ್ನು ಊರಿನ ಗೆಳೆಯನಿಂದ ಅರ್ಧ ದಿನಕ್ಕೆ ತಂದೆ. 52 ಸಿಸಿ ಎಂಜಿನ್, 8 ಇಂಚಿನ ಬೈರಿಗೆ, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕಬೇಕು. 12 ಗುಂಡಿ ತೆಗೆದೆವು. ಹಗುರ ಮಣ್ಣಿದ್ದರೆ, ಡ್ರಿಪ್ ಪೈಪಿನ ಪಕ್ಕ ಸಣ್ಣ ಸಸಿ ನೆಡುವುದಿದ್ದರೆ, ಟ್ರ್ಯಾಕ್ಟರ್ ಹೋಗದ ಸಂದಿ ಇದ್ದರೆ ಒಳ್ಳೆಯ ಮಷಿನ್. ನಮ್ಮ ಕೆಲಸಕ್ಕೆ ಅಲ್ಲ. ಕಲ್ಲು ಕಂಬ ಒಂದೇ ಸಮ ಇರುವುದಿಲ್ಲ, 8 ಇಂಚು ಸಾಲುವುದಿಲ್ಲ. ಗರಸಿನಲ್ಲಿ ಒಂದು ಗುಂಡುಕಲ್ಲು ತಾಗಿದ ಕೂಡಲೇ ಬೈರಿಗೆ ನಿಂತುಬಿಡುತ್ತದೆ, ಹಿಡಿಕೆ ತಿರುಗುತ್ತದೆ. ಆ ಏಟು ನೇರ ಮಣಿಕಟ್ಟಿಗೆ. ತಮ್ಮನ ಕೈ ಮೂರು ದಿನ ಊದಿತ್ತು. ಇದನ್ನು ಬಳಸುವವರು ಇಬ್ಬರು ಹಿಡಿಯುವ ಮಾದರಿ ಸಿಕ್ಕರೆ ಅದನ್ನೇ ತನ್ನಿ. ಕಾಲು ಅಗಲಿಸಿ ನಿಲ್ಲಿ. ಕಲ್ಲು ತಾಗಿದ ಸದ್ದು ಬಂದರೆ ಆಕ್ಸಿಲರೇಟರ್ ಬಿಟ್ಟುಬಿಡಿ, ಒತ್ತಬೇಡಿ.

ಟ್ರ್ಯಾಕ್ಟರ್ ಡಿಗ್ಗರ್: ಒಂದೇ ಯಂತ್ರ, ಇಬ್ಬರು ಡ್ರೈವರ್

ಉಳಿದ 115 ಗುಂಡಿ ಟ್ರ್ಯಾಕ್ಟರ್ ಡಿಗ್ಗರ್‌ನಿಂದ ಆದವು. ಟ್ರ್ಯಾಕ್ಟರ್‌ನ ಹಿಂದಿನ ಮೂರು ಪಾಯಿಂಟ್ ಲಿಂಕೇಜ್‌ಗೆ (ಯಂತ್ರ ಸಿಕ್ಕಿಸಿ ಎತ್ತುವ ತೋಳುಗಳು) ಕೂರಿಸಿ, ಪಿಟಿಒ ಶಾಫ್ಟ್‌ನಿಂದ, ಅಂದರೆ ಎಂಜಿನ್‌ನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ದಂಡದಿಂದ, ತಿರುಗಿಸುವ ಯಂತ್ರ. ಬೈರಿಗೆ 6 ಇಂಚಿನಿಂದ 24 ಇಂಚಿನವರೆಗೂ ಬರುತ್ತದೆ. ನಾವು 12 ಇಂಚಿನದು ಹಾಕಿಸಿದೆವು. ಇಲ್ಲಿ ನಿಜವಾದ ಹೋಲಿಕೆ ಯಂತ್ರಗಳದ್ದಲ್ಲ, ಅದನ್ನು ನಡೆಸಿದ ಇಬ್ಬರದು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ಬಂದ ಹುಡುಗನಿಗೆ ಅವಸರ. ಶಾಫ್ಟ್‌ನ ಮೇಲಿನ ಪ್ಲಾಸ್ಟಿಕ್ ಕವರ್ ಕಿತ್ತುಹೋಗಿತ್ತು. ಕೇಳಿದರೆ, ‘ಏನ್ ಆಗಂಗಿಲ್ಲ ಬಿಡ್ರಿ, ದಿನಾ ಹಿಂಗೇ ನಡಿತದ’ ಅಂದ. ಬೈರಿಗೆ ಬೇಗ ಇಳಿಯಲಿ ಅಂತ ಜೊತೆಗೆ ಬಂದ ಚಿಕ್ಕ ಹುಡುಗನನ್ನು ಡಿಗ್ಗರ್‌ನ ತೋಳಿನ ಮೇಲೆ ನಿಲ್ಲಿಸಲು ಹೋದ. ಅದನ್ನು ನಾನು ಬಿಡಲಿಲ್ಲ. ಕೆಳಗೆ ಶಾಫ್ಟ್, ಬೈರಿಗೆ ಎರಡೂ ತಿರುಗುತ್ತಿರುವಾಗ ಕಾಲು ಜಾರಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

14ನೇ ಗುಂಡಿಯ ಹತ್ತಿರ ನಮ್ಮ ಕಾಕಾ ಅಳತೆ ನೋಡಲು ಬಗ್ಗಿದರು. ಹೆಗಲ ಮೇಲಿನ ಟವೆಲ್‌ನ ತುದಿ ಶಾಫ್ಟ್‌ಗೆ ತಾಗಿತು. ಅಷ್ಟೇ. ನೋಡುವಷ್ಟರಲ್ಲಿ ಟವೆಲ್ ಶಾಫ್ಟ್‌ಗೆ ಹಗ್ಗದಂತೆ ಸುತ್ತಿಕೊಂಡಿತ್ತು. ಪಿಟಿಒ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9 ಸುತ್ತು. ಕೈ ಹಿಂದೆ ಎಳೆದುಕೊಳ್ಳಬೇಕು ಅಂತ ತಲೆಗೆ ಹೊಳೆಯುವ ಮೊದಲೇ ಅದು ನಾಲ್ಕೈದು ಸುತ್ತು ಸುತ್ತಿರುತ್ತದೆ. ಕಾಕಾ ಟವೆಲ್ಲನ್ನು ಸುಮ್ನೆ ಹೆಗಲಿಗೆ ಹಾಕಿದ್ದರು, ಕುತ್ತಿಗೆಗೆ ಸುತ್ತಿರಲಿಲ್ಲ. ಅದಕ್ಕೇ ಉಳಿದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅಷ್ಟರಿಂದಲೂ ಆ ಹುಡುಗ ಬುದ್ಧಿ ಕಲಿಯಲಿಲ್ಲ. ಮುಂದಿನ ಗುಂಡಿಯಲ್ಲಿ ಬೈರಿಗೆಯನ್ನು ಒಂದೇ ಸಲಕ್ಕೆ ಎರಡೂವರೆ ಅಡಿ ಇಳಿಸಿದ. ಕೆಳಗೆ ಹಸಿ ಎರೆ. ಬೈರಿಗೆ ಮರಕ್ಕೆ ಸ್ಕ್ರೂ ಹತ್ತಿದ ಹಾಗೆ ಹತ್ತಿ ಕೂತಿತು. ಹೈಡ್ರಾಲಿಕ್ ಎತ್ತಿದರೆ ಬೈರಿಗೆ ಬರಲಿಲ್ಲ, ಟ್ರ್ಯಾಕ್ಟರ್‌ನ ಮುಂದಿನ ಗಾಲಿ ನೆಲ ಬಿಟ್ಟಿತು. ಅಲ್ಲಿಗೆ ಕೆಲಸ ನಿಲ್ಲಿಸಿ, ಲೆಕ್ಕ ಮುಗಿಸಿ ಕಳಿಸಿದೆ. ಒಟ್ಟು 15 ಗುಂಡಿ.

ಎರಡನೆಯವರು ಸೇಡಂ ಕಡೆಯವರು, ಐವತ್ತರ ಆಸುಪಾಸು. ಬಂದವರೇ ಮೊದಲು ಎಲ್ಲರ ಟವೆಲ್ ತೆಗೆಸಿದರು. ‘ಅಣ್ಣಾ, ಲುಂಗಿ ಉಟ್ಟವರು ದೂರ ನಿಂದರ್ರಿ. ಅಕ್ಕಾ, ಸೆರಗು ಕಟ್ಕೊಂಡು ಆ ಬೇವಿನ ಗಿಡದ ಕೆಳಗ ಕೂಡ್ರಿ.’ ಅವರ ಶಾಫ್ಟ್‌ಗೆ ಕವರ್ ಇತ್ತು. ಗುಂಡಿಯ ಗುರುತಿಗೆ ಸುಣ್ಣ ಹಾಕಿಸಿದರು, ಹಾಗಾಗಿ ಯಾರೂ ಬೈರಿಗೆಯ ಹತ್ತಿರ ಬಂದು ಕೈ ತೋರಿಸುವ ಕೆಲಸವೇ ಇರಲಿಲ್ಲ.

ಅವರು ಮಾಡುತ್ತಿದ್ದದ್ದು ಹೀಗೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಬೈರಿಗೆಯ ಮೊನೆ ಸುಣ್ಣದ ಗುರುತಿಗೆ ಮುಟ್ಟಿದ ಮೇಲೆಯೇ ಪಿಟಿಒ ಹಾಕುವುದು, ಅದೂ ಎಂಜಿನ್ ಮೆಲ್ಲಗಿದ್ದಾಗ. ಮುಕ್ಕಾಲು ಅಡಿ ಇಳಿಸಿ ಮೇಲಕ್ಕೆತ್ತುವುದು, ಮಣ್ಣು ಉದುರಲು ಬಿಡುವುದು, ಮತ್ತೆ ಇಳಿಸುವುದು. ಹೀಗೆ ಮೂರು ನಾಲ್ಕು ಸಲಕ್ಕೆ ಒಂದು ಗುಂಡಿ. ಡಿಗ್ಗರ್‌ನ ತೋಳು ಇಳಿಯುವಾಗ ನೆಟ್ಟಗೆ ಇಳಿಯುವುದಿಲ್ಲ, ಕಮಾನಿನಂತೆ ಇಳಿಯುತ್ತದೆ. ಅದರಿಂದ ಗುಂಡಿ ವಾರೆಯಾಗುತ್ತದೆ. ಅವರು ಹೆಚ್ಚು ವಾರೆ ಕಂಡರೆ ಬೈರಿಗೆ ಮೇಲೆತ್ತಿ, ಪಿಟಿಒ ಬಿಡಿಸಿ, ಟ್ರ್ಯಾಕ್ಟರನ್ನು ಒಂದು ಗೇಣು ಸರಿಸುತ್ತಿದ್ದರು. ನಾನು 15 ಅಡಿ ದೂರ ಪಕ್ಕಕ್ಕೆ ನಿಂತು ನೆಟ್ಟಗಿದೆಯೋ ಇಲ್ಲವೋ ನೋಡಿ ಕೈ ಸನ್ನೆ ಮಾಡುತ್ತಿದ್ದೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗಲೂ ಪಿಟಿಒ ಬಿಡಿಸಿಯೇ ಹೋಗುತ್ತಿದ್ದರು. ಇಷ್ಟು ನಿಧಾನ ಮಾಡಿಯೂ ಒಂದು ದಿನಕ್ಕೆ 100 ಗುಂಡಿ ಮುಗಿಸಿದರು.

ಅವರ ಕೈಯಲ್ಲೂ ಒಮ್ಮೆ ಬೈರಿಗೆ ಕಚ್ಚಿಕೊಂಡಿತು, ಗರಸಿನಲ್ಲಿ ಕಲ್ಲಿನ ಸಂದಿಗೆ. ಟಕ್ ಅಂತ ಒಂದು ಸದ್ದು, ಬೈರಿಗೆ ನಿಂತಿತು. ಶಿಯರ್ ಬೋಲ್ಟ್ ತುಂಡಾಗಿತ್ತು. ಅದು ತುಂಡಾಗಲೆಂದೇ ಇರುವ ಬೋಲ್ಟ್. ಅದು ಮುರಿಯದಿದ್ದರೆ ಗೇರ್ ಬಾಕ್ಸ್ ಇಲ್ಲವೇ ಶಾಫ್ಟ್ ಮುರಿಯುತ್ತದೆ. ಪದೇ ಪದೇ ಮುರಿಯುತ್ತದೆ ಅಂತ ಕೆಲವರು ಅಲ್ಲಿ ಗಟ್ಟಿ ಬೋಲ್ಟ್ ಹಾಕುತ್ತಾರೆ, ದಯವಿಟ್ಟು ಹಾಗೆ ಮಾಡಿಸಬೇಡಿ. ಅವರು ಎಂಜಿನ್ ಬಂದ್ ಮಾಡಿದರು, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು, ಶಾಫ್ಟ್ ಪೂರ್ತಿ ನಿಂತಿದ್ದನ್ನು ನೋಡಿದ ಮೇಲೆ ಕೆಳಗಿಳಿದರು. ದೊಡ್ಡ ಪೈಪ್ ಪಾನಾ ಹಾಕಿ ಬೈರಿಗೆಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿದರು. ಅದೇ ಅಳತೆಯ ಬೋಲ್ಟ್ ಅವರ ಚೀಲದಲ್ಲಿ ಐದಾರು ಇದ್ದವು. ಹತ್ತು ನಿಮಿಷದಲ್ಲಿ ಮತ್ತೆ ಕೆಲಸ ಶುರು.

ಹದ

ಯಂತ್ರಕ್ಕಿಂತ ಮೊದಲು ನೆಲದ ಹದ ನೋಡಬೇಕು ಅಂತ ನನಗೆ ಹೇಳಿದ್ದು ಸೇಡಂನ ಆ ಡ್ರೈವರೇ. ಮಳೆ ಬಿದ್ದ ಮರುದಿನ ಎರೆಗೆ ಡಿಗ್ಗರ್ ಇಳಿಸಿದರೆ ಮಣ್ಣು ಬೈರಿಗೆಗೆ ಮೆತ್ತಿಕೊಂಡು ಬೀಳುವುದೇ ಇಲ್ಲ. ಅದನ್ನು ಕೆರೆಯಲು ಯಾರಾದರೂ ಕೈ ಹಾಕುತ್ತಾರೆ, ಅನಾಹುತ ಆಗುವುದು ಅಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ನೋಡಿದರೆ ಮೊನೆಯೇ ಇಳಿಯುವುದಿಲ್ಲ. ಈ ಡಿಗ್ಗರ್ ತನ್ನ ಭಾರದಿಂದಷ್ಟೇ ಇಳಿಯುತ್ತದೆ, ಹೈಡ್ರಾಲಿಕ್ ಅದನ್ನು ಎತ್ತುತ್ತದೆ, ಕೆಳಕ್ಕೆ ಒತ್ತುವುದಿಲ್ಲ. ನಮಗೆ ಸರಿಬಂದ ಕಾಲ ತೊಗರಿ ರಾಶಿಯಾದ ಕೂಡಲೇ, ಜನವರಿ ಕೊನೆಯಿಂದ ಫೆಬ್ರವರಿ. ಒಂದು ಅಡಿ ಕೆಳಗಿನ ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆಯಾಗಬೇಕು, ಕೆಳಗೆ ಬಿಟ್ಟರೆ ಒಡೆಯಬೇಕು. ಅಂಗೈಗೆ ಅಂಟಿದರೆ ಇನ್ನೂ ನಾಲ್ಕು ದಿನ ಕಾಯಿರಿ. ಗರಸಿನ ಕಡೆ ಹಿಂದಿನ ಸಂಜೆ ಸಬ್ಬಲ್‌ನಿಂದ ಗೇಣುದ್ದ ತೋಡಿ ಒಂದೊಂದು ಕೊಡ ನೀರು ಹಾಕಿಸಿದೆವು. ಬೆಳಿಗ್ಗೆ ಬೈರಿಗೆ ಕುಣಿಯದೆ ಅಲ್ಲೇ ಇಳಿಯಿತು.

ಜೆಸಿಬಿ

ಬೇಲಿ ಕಂಬಕ್ಕೆ ಇದು ಬೇಡ. ಬಕೆಟ್ ತೋಡಿದ ಗುಂಡಿ ಅಗಲ ಜಾಸ್ತಿ, ಕಂಬದ ಸುತ್ತ ಎಷ್ಟು ಮಣ್ಣು ತುಂಬಿ ದಮ್ಮಸು ಹಾಕಿದರೂ ಮೊದಲ ಮಳೆಗೆ ಕುಸಿಯುತ್ತದೆ. ಎರೆ ಮೊದಲೇ ಮಳೆಗೆ ಉಬ್ಬುವ, ಬಿಸಿಲಿಗೆ ಬಿರಿಯುವ ಮಣ್ಣು, ಅಲ್ಲಿ ಕಂಬ ವಾಲಲು ಅಷ್ಟು ಸಾಕು.

ಆದರೆ ಭಾವನ ತೋಟದಲ್ಲಿ ಲೆಕ್ಕ ಬೇರೆ. ಬೀದರ್ ಕಡೆಯ ಕೆಂಪು ನೆಲ, ಕೆಳಗೆ ಜಂಬಿಟ್ಟಿಗೆ ಕಲ್ಲು. ಮಾವಿಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ ತೋಡಿ ಅಂತ ಹೇಳುತ್ತಾರೆ. ಅದು 27 ಘನ ಅಡಿ. ಟ್ರ್ಯಾಕ್ಟರ್ ಡಿಗ್ಗರ್‌ಗೆ 24 ಇಂಚಿನ ಬೈರಿಗೆ ಹಾಕಿ ಮೂರು ಅಡಿ ತೋಡಿದರೂ ಸಿಗುವುದು ಒಂಬತ್ತೂವರೆ ಘನ ಅಡಿಗಿಂತ ಕಡಿಮೆ, ಸುಮಾರು ಮೂರನೇ ಒಂದು ಭಾಗ. ಭಾವ ಒಂದು ಸಾಲು ಡಿಗ್ಗರ್‌ನಲ್ಲಿ, ಉಳಿದದ್ದು ಜೆಸಿಬಿಯಲ್ಲಿ ತೆಗೆಸಿದ್ದರು. ಡಿಗ್ಗರ್ ಗುಂಡಿಯ ಗೋಡೆ ಕೈಯಾಡಿಸಿದರೆ ಸಾರಿಸಿದ ನೆಲದ ಹಾಗೆ ನುಣ್ಣಗಿತ್ತು. ಅಂಥ ಗೋಡೆಯನ್ನು ಎಳೆ ಬೇರು ತೂರುವುದು ಕಷ್ಟ, ಕುಂಡದಲ್ಲಿ ಬೆಳೆದ ಹಾಗೆ ಒಳಗೇ ಸುತ್ತುತ್ತದೆ. ಆ ಸಾಲಿನ ಗುಂಡಿಗಳ ಗೋಡೆಯನ್ನೆಲ್ಲ ಸಬ್ಬಲ್‌ನಿಂದ ಕೆರೆದು ಒರಟು ಮಾಡಿ ಆಮೇಲೆ ಸಸಿ ನೆಟ್ಟೆವು. ಮಾವು, ಹುಣಸೆಯಂಥ ದೊಡ್ಡ ಗಿಡಕ್ಕೆ, ಅದರಲ್ಲೂ ಗಟ್ಟಿ ನೆಲದಲ್ಲಿ, ನಾನು ಜೆಸಿಬಿಯನ್ನೇ ಆರಿಸುತ್ತೇನೆ.

ಯಾವುದರಿಂದ ತೋಡಿದರೂ, ತೋಡುವ ಮೊದಲು ನೆಲದೊಳಗೆ ಪೈಪ್‌ಲೈನ್, ಮೋಟಾರ್‌ನ ಕೇಬಲ್ ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರನ್ನು ಕೇಳಿ. ನಮ್ಮ ಕೇಬಲ್ ಹಾದಿ ಅಪ್ಪನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ತೋಡಿದ ಗುಂಡಿಯನ್ನು ರಾತ್ರಿ ತೆರೆದು ಬಿಡಬೇಡಿ. ಒಂದು ಅಡಿ ಅಗಲದ ಗುಂಡಿಗೆ ಎತ್ತಿನ ಕಾಲು ಇಳಿದರೆ ಮುರಿಯುತ್ತದೆ, ಸಣ್ಣ ಮಕ್ಕಳಿಗಂತೂ ಅಪಾಯ. ನಾವು ಆ 100 ಗುಂಡಿಗೂ ಪರಸಿ ತುಂಡು ಮುಚ್ಚಿ, ಮೇಲೆ ಜಾಲಿ ಮುಳ್ಳು ಇಟ್ಟು ಮನೆಗೆ ಹೋದೆವು.

ಕಾಕಾನ ಪಾಲಿನ 3 ಎಕರೆ ಇನ್ನೂ ಬೇಲಿಯಿಲ್ಲದೆ ಇದೆ. ಬರುವ ರಾಶಿ ಮುಗಿದ ವಾರವೇ ಬರಬೇಕು ಅಂತ ಸೇಡಂನ ಆ ಡ್ರೈವರ್‌ಗೆ ಈಗಲೇ ಹೇಳಿ ಇಟ್ಟಿದ್ದೇನೆ. ಸುಣ್ಣ ಹಾಕುವ ಕೆಲಸ ತಮ್ಮನದು. ಕಾಕಾ ಬೇವಿನ ಗಿಡದ ಕೆಳಗೆ ಕೂರಲು ಒಪ್ಪಿದ್ದಾರೆ.