ಸಾಲಿ ಹಿಂದ ಮಿಯಾವಾಕಿ ಕಾಡು ಮಾಡಿಸಿದ್ವಿ, ಕೊಟ್ಟ ರೊಕ್ಕಕ್ಕ ತಕ್ಕಂಗ ಐತೇನು?

ಸೀದಾ ಹೇಳ್ತೀನಿ, ಐದಕ್ಕ ಮೂರು ಸ್ಟಾರ್. ಬಿಸಲಾಗ ನಿಂತು ಗಿಡ ಹಚ್ಚಿದ ಹುಡುಗರಿಗೆ ಐದಕ್ಕ ಐದೂ ಕೊಡ್ತೀನಿ, ಆದ್ರ ಆಫೀಸನ್ಯಾಗ ಕುಂತು ಗಿಡದ ಪಟ್ಟಿ ಮಾಡಿದೋರಿಗೆ ಎರಡರ ಮ್ಯಾಲ ಕೊಡಾಕ ಮನಸ್ಸಿಲ್ಲ. ಸಂಸ್ಥೆ ಹೆಸರು ಹಾಕೂದಿಲ್ಲ, ಅವರ ಕೆಲಸ ನಮ್ಮಲ್ಲಿ ಇನ್ನೂ ನಡದೈತಿ.

ವಿಜಯಪುರದಿಂದ ಸಿಂದಗಿ ಕಡೆ ಹೋಗೋ ಹಾದ್ಯಾಗ ನಮ್ಮೂರು, ಸರಕಾರಿ ಸಾಲಿ, ಹಿಂದ ಎರಡು ಗುಂಟೆ ಖಾಲಿ ಬಿದ್ದಿತ್ತು, ಬರೇ ಬಳ್ಳಾರಿ ಜಾಲಿ, ಹುಡುಗರ ಚೆಂಡು ಒಳಗ ಹೋದ್ರ ಮುಗೀತು. ಹಳೇ ವಿದ್ಯಾರ್ಥಿಗಳು ರೊಕ್ಕ ಕೂಡಿಸಿದ್ರು, ಎಸ್‌ಡಿಎಂಸಿ (ಸಾಲಿ ನೋಡಿಕೊಳ್ಳೋ ಪಾಲಕರ ಸಮಿತಿ) ಮೀಟಿಂಗನ್ಯಾಗ ಪಾಸ್ ಆತು. ಮಿಯಾವಾಕಿ ಅಂದ್ರ ಜಪಾನಿನ ಸಸ್ಯಶಾಸ್ತ್ರಜ್ಞ, 2021ರಾಗ ತೀರಿಕೊಂಡ್ರು, ಅಲ್ಲಿ ಗುಡಿ ಸುತ್ತ ಉಳದಿದ್ದ ಹಳೇ ಕಾಡು ನೋಡಿ ಮಾಡಿದ ಪದ್ಧತಿ ಇದು. ಆ ನೆಲದ ಗಿಡಾನ ಬೇಕು, ದೊಡ್ಡ ಗಿಡ ಸಣ್ಣ ಗಿಡ ಕಂಟಿ ಎಲ್ಲಾ ಕಲಸಿ ಚದರ ಮೀಟರಿಗೆ ಮೂರು ನಾಲ್ಕು ಒತ್ತೊತ್ತಾಗಿ ಹಚ್ಚೋದು, ಎರಡು ಮೂರು ವರ್ಷ ನೀರು ಕಸ ನೋಡಿಕೊಂಡು ಆಮ್ಯಾಲ ಕೈ ಬಿಡೋದು. ನಮ್ಮ ರಾಜ್ಯದಾಗ ಟೊಯೋಟಾ ಫ್ಯಾಕ್ಟರಿಗೆ ಅವರೇ ಬಂದು ಗಿಡ ಹಚ್ಚಿಸಿದ್ರು, ಅಲ್ಲಿ ಇಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಅದನ್ನ ನೋಡಿ ಮುಂದ ನೌಕರಿ ಬಿಟ್ಟು ಇದನ್ನ ದಂಧೆ ಮಾಡಿಕೊಂಡ್ರು. ಈಗ ಇಂಥ ಕಂಪನಿ ಬೇಕಾದಷ್ಟು ಅದಾವ.

ಗುಂಟೆ ಅಂದ್ರ 1089 ಚದರಡಿ, ಹತ್ತತ್ರ ನೂರು ಚದರ ಮೀಟರ್. ಎರಡು ಗುಂಟೆಗೆ 600 ಗಿಡ ಅಂತ ಲೆಕ್ಕಾ ಹಾಕಿದ್ರು, ಗಿಡಕ್ಕ 350 ರೂಪಾಯಿ, ಜೆಸಿಬಿ, ಗೊಬ್ಬರ, ಡ್ರಿಪ್ ಎಲ್ಲಾ ಅದರಾಗ. ಎರಡು ಲಕ್ಷ ದಾಟಿತು.

ಮೊದಲನೇ ಪಟ್ಟಿ ನೋಡಿದ್ರ ಸಂಪಿಗಿ, ಹೊಳೆದಾಸವಾಳ, ನಾಗಲಿಂಗ, ಗುಲ್‌ಮೊಹರ್! ಗುಲ್‌ಮೊಹರ್ ಮಡಗಾಸ್ಕರದ್ದು, ನಾಗಲಿಂಗ ದಕ್ಷಿಣ ಅಮೆರಿಕಾದ್ದು, ಉಳದವು ಮಲೆನಾಡಿನ ಮಳಿ ಕೇಳೋವು, ಮ್ಯಾಲ ಹೆಡ್ಡಿಂಗ್ ಮಾತ್ರ ಸ್ಥಳೀಯ ತಳಿಗಳು ಅಂತ. ಇಲ್ಲಿ ವರ್ಷಕ್ಕ ಬೀಳೋದು 600 ಮಿಲಿಮೀಟರ್ ಆಸುಪಾಸು. ಮೀಟಿಂಗಿಗೆ ಬಂದಿದ್ದ ಕುರಿ ಕಾಯೋ ಮುತ್ಯಾ ಒಬ್ರು ಕೇಳೇ ಬಿಟ್ರು, "ಸಾಹೇಬ್ರ, ಈ ಎರಿ ಭೂಮ್ಯಾಗ ಸಂಪಿಗಿ ಯಾಂವ ನೋಡ್ಯಾನ್ರೀ?" ಕಡೀಕ ಆ ಮುತ್ಯಾನ ಮುಂದ ಕುಂದ್ರಿಸಿಕೊಂಡ ಹೊಸಾ ಪಟ್ಟಿ ಮಾಡಿದ್ವಿ: ಬನ್ನಿ, ಬೇವು, ಕಮರ, ತಪಸಿ, ಬಿಳಿಜಾಲಿ, ಮುತ್ತಲ, ಕಕ್ಕಿ, ಪತ್ರಿ, ಬಳವಲ, ಬಾರಿ, ಕವಳಿ, ಲಕ್ಕಿ. ಸಂಸ್ಥೆಯವರು ಬದಲಿ ಮಾಡಾಕ ಒಪ್ಪಿದ್ರು, ಅದಕ್ಕ ಅರ್ಧಾ ಸ್ಟಾರ್ ಜಾಸ್ತಿ ಅನ್ರಿ.

ನೆಲದ ಕೆಲಸ ಮಾತ್ರ ಚೊಲೋ ಮಾಡ್ಯಾರ. ಎರಿ ಮಣ್ಣು ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರೀತೈತಿ, ಮಳಿಗಾಲದಾಗ ಉಬ್ಬಿ ನೀರು ಹಿಡಕೊಂಡು ಬೇರು ಕೊಳಸ್ತೈತಿ. ಮೂರು ಅಡಿ ಅಗದು ತಿಪ್ಪಿ ಗೊಬ್ಬರ, ಶೇಂಗಾ ಸಿಪ್ಪಿ ಕಲಸಿ, ನೆಲಾ ಸ್ವಲ್ಪ ಎತ್ತರ ಮಾಡಿ ಹಚ್ಚಿದ್ರು. ಮ್ಯಾಲ ಹೊಚ್ಚಾಕ ಭತ್ತದ ಹುಲ್ಲು ದೂರದಿಂದ ತರಸ್ತೀವಿ ಅಂದಾಗ ಯಾಕ್ರೀ ಅಂತ ಕೇಳಿ ಊರಾಗಿಂದ ಕಬ್ಬಿನ ರವದಿ ತಂದು ಹಾಕಿದ್ವಿ, ಆ ಬಿರುಕು ಈಗ ಅಲ್ಲಿ ಕಾಣೂದಿಲ್ಲ.

ದೊಡ್ಡ ತಕರಾರು ಬ್ಯಾಸಗೀದು. ಮೂರು ವರ್ಷ ಮೇಂಟೆನೆನ್ಸ್ ಅಂತ ಕಾಗದದಾಗ ಐತಿ, ಆದ್ರ ಏಪ್ರಿಲ್ ಮೇ ಸಾಲಿ ಸೂಟಿ, ಬಿಸಲು 40 ಡಿಗ್ರಿ ದಾಟತೈತಿ, ಗೇಟಿಗೆ ಕೀಲಿ, ಅವರ ಮನಷಾ ಬಂದು ಗೇಟ್ ನೋಡಿ ವಾಪಸ್ ಹೋಗ್ಯಾನ, ಬೋರಿನ ಸವಳ ನೀರಿಗೆ ಡ್ರಿಪ್ ತೂತು ಕಟ್ಟಿಕೊಂಡಾವ, ಫೋನ್ ಮಾಡಿದ್ರ ಸರ್ ಟೀಮ್ ಕಳಸ್ತೀವಿ ಅನ್ನೋದೊಂದ ಮಾತು. ಗಿಡಕ್ಕ ಐದು ಲೀಟರ್ ಹಿಡದ್ರೂ 600 ಗಿಡಕ್ಕ ಒಂದು ಸಲಕ್ಕ 3000 ಲೀಟರ್, ಅದನ್ನ ಯಾರು ಹಾಕಬೇಕು? ಊರ ಹುಡುಗರು ಟ್ಯಾಂಕರ್ ತರಿಸಿ ಪೈಪ್ ಹಿಡದ್ರು ಅಂತ ಬಹಳಷ್ಟು ಉಳದಾವ.

ನನಗನಸೋದು, ಇಷ್ಟು ಒತ್ತಾಗಿ ಹಚ್ಚೋದು ನಮ್ಮ ಕಡೆ ಬ್ಯಾಡ. ಬನ್ನಿ, ಜಾಲಿ ಬಯಲಿನ ಗಿಡ, ಬಿಸಲು ಬೇಕು. ಬೇವು ತಲಿ ಮ್ಯಾಲ ಹೋಗಿ ನೆರಳು ಮಾಡಿ ನಡಬರಕ ಇದ್ದ ಬನ್ನಿ ಸೊರಗ್ಯಾವ, ಅಂಚಿನ್ಯಾಗಿನವು ಮಸ್ತ್ ಅದಾವ. ಕಮರ ನೋಡಿ "ಗ್ರೋತ್ ಇಲ್ಲ ಸರ್, ಕಿತ್ತು ಬ್ಯಾರೆ ಕೊಡ್ತೀವಿ" ಅಂದಿದ್ರು. ಕಮರ ಮೊದಲ ಬೇರು ಆಳಕ್ಕ ಇಳಸ್ತೈತಿ, ಆಮ್ಯಾಲ ಮ್ಯಾಲ ಏಳ್ತೈತಿ, ಗಿಡದ ಕಂಪನಿ ನಡಸೋರಿಗೆ ಇದನ್ನ ನಾವು ಹೇಳಬೇಕೇನ್ರೀ.

ಹುಡುಗರಿಗೆ ಮಾತ್ರ ಹಬ್ಬ. ಪತ್ರಿ ಎಲಿ ಮ್ಯಾಲ ಹಕ್ಕಿ ಹಿಕ್ಕಿ ಬಿದ್ದಂಗ ಕಾಣೋ ಸಣ್ಣ ಹುಳ ಕುಂತಿರ್ತಾವ, ದಿನಾ ಬಂದು ನೋಡ್ತಾರ, ಹಸರ ಆತು ಅಂತ ಟೀಚರನ್ನ ಎಳಕೊಂಡ ಹೋಗ್ತಾರ, ಮುಂದ ಅದ ಕರಿ-ಹಳದಿ ಚಿಟ್ಟಿ. ದಸರಾಕ್ಕ ಬಂಗಾರ ಕೊಡಾಕ ಬನ್ನಿ ಹರಕೊಳ್ಳಾಕ ಇಲ್ಲೇ ಬರ್ತಾರ, ಟೀಚರ್ ಕಾವಲು ನಿಂದರಬೇಕಾಗೇತಿ. ಹಾವು ಬರ್ತಾವ ಅಂತ ತಾಯಂದಿರು ಜಗಳಾ ತಗದಿದ್ರು, ಕ್ಲಾಸ್ ರೂಮಿಗೂ ಗಿಡಕ್ಕೂ ನಡುವ ಅಗಲ ದಾರಿ ಬಿಟ್ಟು ತಂತಿ ಜಾಳಿಗಿ ಹಾಕಿದ ಮ್ಯಾಲ ಸುಮ್ಮನಾದ್ರು. ಜಾಳಿಗಿಯಿಂದ ಆಡಿನ ಕಾಟಾನೂ ತಪ್ಪಿತು.

ರೊಕ್ಕ ಕಡಿಮಿ ಇದ್ರ ಅರಣ್ಯ ಇಲಾಖೆ ನರ್ಸರ್ಯಾಗ ಸಸಿ ರಿಯಾಯಿತಿ ದರಕ್ಕ ಸಿಗ್ತಾವ, ಜೆಸಿಬಿ ಬಾಡಿಗಿ ತಗೊಂಡು ನೀವ ಮಾಡ್ಕೋರಿ. ಕಂಪನಿನೇ ಬೇಕಂದ್ರ ಅಡ್ವಾನ್ಸ್ ಕೊಡೋಕ್ಕಿಂತ ಮೊದಲ ಗಿಡದ ಪಟ್ಟಿ ಇಸಕೊಂಡು ಊರ ಹಿರೇರಿಗೆ ಓದಿ ಹೇಳ್ರಿ, ಸೂಟಿಯೊಳಗ ನೀರು ಯಾರು ಹಾಕ್ತಾರ, ಕೀಲಿ ಯಾರ ಕಡೆ ಅಂತ ಅಗ್ರಿಮೆಂಟನ್ಯಾಗ ಬರಸ್ರಿ. ಕಡೀ ಕಂತು ಎರಡನೇ ಬ್ಯಾಸಗಿ ದಾಟಿ ಜೀವಂತ ಗಿಡ ಎಣಿಸಿದ ಮ್ಯಾಲ. ನಾವು ಅದೊಂದು ಬರಸಿಕೊಂಡಿದ್ವಿ ನೋಡ್ರಿ, ಅದಕ್ಕ ಈಗ ಫೋನ್ ಎತ್ತಾಕತ್ತಾರ.