ಮರಳಿ ಬರಬೇಕಾದದ್ದು ಯಾವುದು: ಸೆಗಾ ರ‍್ಯಾಲಿಯೋ, ಡೇಟೋನಾವೋ, ರಿಡ್ಜ್ ರೇಸರೋ?

ಸೆಗಾ ರ‍್ಯಾಲಿ ಚಾಂಪಿಯನ್‌ಶಿಪ್ ಎಂಬ ಕಾರ್ ರೇಸಿನ ವಿಡಿಯೋ ಗೇಮ್ ಆಡಬೇಕೆಂಬ ಒಂದೇ ಕಾರಣಕ್ಕೆ ಕಳೆದ ವರ್ಷ ಜಪಾನಿನ ಹಳೆಯ ಸೆಗಾ ಸ್ಯಾಟರ್ನ್ ಗೇಮ್ ಯಂತ್ರವೊಂದನ್ನು 14,000 ರೂಪಾಯಿ ಕೊಟ್ಟು ಕೊಂಡೆ. ಅದರ ಜೊತೆಗೆ ಡೇಟೋನಾ ಯುಎಸ್‌ಎ ಡಿಸ್ಕ್ ಕೂಡ ಬಂದಿತು. ಮೊದಲ ಪ್ಲೇಸ್ಟೇಷನ್ ಮತ್ತು ಅದರ ರಿಡ್ಜ್ ರೇಸರ್ ಮನೆಯಲ್ಲಿ ಮುಂಚಿನಿಂದಲೂ ಇದ್ದವು. ಮೂರನ್ನೂ ಒಂದೇ ಪಿಕ್ಚರ್ ಟ್ಯೂಬ್ ಟಿವಿಗೆ ಜೋಡಿಸಿ ನಾಲ್ಕು ತಿಂಗಳು ಆಡಿದ ಮೇಲೆ, ಹೊಸ ರೂಪದಲ್ಲಿ ಮರಳಿ ಬರುವ ಅರ್ಹತೆ ಎಲ್ಲಕ್ಕಿಂತ ಹೆಚ್ಚಾಗಿ ಸೆಗಾ ರ‍್ಯಾಲಿಗೇ ಇದೆ ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ಔಟ್‌ರನ್ ಎಂಬ ಸೆಗಾದ ಇನ್ನೊಂದು ಕಾರ್ ಆಟವನ್ನು ಇಲ್ಲಿ ಸೇರಿಸಿಲ್ಲ. ಅದರ ಸುಖ ದೂರ ಪ್ರಯಾಣದ್ದು, ಪೈಪೋಟಿಯದ್ದಲ್ಲ.

ಸೆಗಾ ರ‍್ಯಾಲಿಯ ಜೀವಾಳ ಅದರ ನೆಲದಲ್ಲಿದೆ. ಡಾಂಬರಿನ ಮೇಲೆ ಚಕ್ರ ಹಿಡಿಯುವ ರೀತಿ ಬೇರೆ, ಜಲ್ಲಿಯ ಮೇಲೆ ಬೇರೆ, ಕೆಸರಿನಲ್ಲಿ ಮತ್ತೂ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣದಲ್ಲಿ ಕಾರಿನ ಹಿಂಭಾಗ ಎಷ್ಟು ಜಾರುತ್ತದೆ ಎಂಬುದನ್ನು ತಿರುವಿಗೆ ಮೊದಲೇ ಅಂದಾಜು ಮಾಡಿಕೊಂಡಿರಬೇಕು. ಪಕ್ಕದಲ್ಲಿ ಕುಳಿತ ಸಹಚಾಲಕನ ದನಿ ಮುಂದಿನ ತಿರುವನ್ನು ಕೂಗಿ ಹೇಳುತ್ತದೆ. ಆದರೆ ಕಾಲಡಿಯ ನೆಲ ಬದಲಾಗುತ್ತಿರುವುದನ್ನು ಅದು ಹೇಳುವುದಿಲ್ಲ, ಅದನ್ನು ಕಣ್ಣೇ ನೋಡಿಕೊಳ್ಳಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರ‍್ಯಾಲಿಗಳನ್ನು ಬದಿಯಲ್ಲಿ ನಿಂತು ನೋಡಿದವರಿಗೆ, ಸ್ಟೀರಿಂಗ್ ಒಂದು ಕಡೆಗೂ ಕಾರು ಇನ್ನೊಂದು ಕಡೆಗೂ ತಿರುಗಿರುವ ಆ ನೋಟ ಪರಿಚಿತವೇ. ಅದನ್ನು 1995ರಲ್ಲಿ ಕೈಯಲ್ಲಿ ಹಿಡಿದು ಆಡುವ ಒಂದು ಸಾಮಾನ್ಯ ಪ್ಯಾಡಿನ ಗುಂಡಿಗಳಲ್ಲಿ ತಂದುಕೊಟ್ಟದ್ದು ನನಗೆ ಇಂದಿಗೂ ಬೆರಗಿನ ವಿಷಯ.

ಚಾಂಪಿಯನ್‌ಶಿಪ್‌ನ ಏರ್ಪಾಡೂ ಅಷ್ಟೇ ಬಿಗಿಯಾಗಿದೆ. ಡೆಸರ್ಟ್ ಹಾದಿಯಲ್ಲಿ 15ನೇ ಸ್ಥಾನದಿಂದ ಹೊರಡುತ್ತೇವೆ. ಅಲ್ಲಿ ಎಷ್ಟನೆಯವರಾಗಿ ಮುಗಿಸಿದೆವೋ ಅದೇ ಸ್ಥಾನದಿಂದ ಫಾರೆಸ್ಟ್ ಆರಂಭವಾಗುತ್ತದೆ, ಅಲ್ಲಿಂದ ಮೌಂಟನ್. ಮೂರನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂದವರಿಗಷ್ಟೇ ಲೇಕ್‌ಸೈಡ್ ತೆರೆದುಕೊಳ್ಳುತ್ತದೆ. ಹೀಗಾಗಿ ಮೊದಲ ಹಾದಿಯಲ್ಲಿ ಮಾಡಿದ ಒಂದು ತಪ್ಪಿನ ಬೆಲೆಯನ್ನು ಮೂರನೆಯದರಲ್ಲಿ ತೆರಬೇಕಾಗುತ್ತದೆ. ಒಂದು ಪೂರ್ತಿ ಸುತ್ತು ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲಸದಿಂದ ಬಂದು ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಮಾತ್ರ ಆಡುವ ನನಗೆ ಈ ಅಳತೆ ಸರಿಯಾಗಿ ಹೊಂದುತ್ತದೆ.

ಡೇಟೋನಾ ಆರ್ಕೇಡ್ ಯಂತ್ರದಲ್ಲಿ, ಅಂದರೆ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದಲ್ಲಿ, ಅದ್ಭುತ. ಎಂಟು ಯಂತ್ರಗಳನ್ನು ಜೋಡಿಸಿ ಒಟ್ಟಿಗೆ ಓಡಿಸಬಹುದಾಗಿದ್ದ ಆ ಆಟಕ್ಕೆ ಸೆಗಾದ ಸಂಗೀತಗಾರ ತಾಕೆನೊಬು ಮಿತ್ಸುಯೋಶಿಯವರ ಹಾಡು ಕೊಟ್ಟ ಉತ್ಸಾಹವನ್ನು ಬೇರಾವ ಆಟವೂ ಕೊಟ್ಟಿಲ್ಲ. ಆದರೆ ನನ್ನ ಕೈಯಲ್ಲಿದ್ದದ್ದು ಸ್ಯಾಟರ್ನ್ ರೂಪ. ಆರ್ಕೇಡಿನಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುತ್ತಿದ್ದದ್ದು ಇಲ್ಲಿ ಸುಮಾರು 20ಕ್ಕೆ ಇಳಿದಿದೆ, ದೂರದ ಬೆಟ್ಟಗಳು ಹತ್ತಿರ ಬಂದಾಗ ಥಟ್ಟನೆ ಮೂಡುತ್ತವೆ, ಮೇಲಾಗಿ ಇಬ್ಬರು ಆಡುವ ಸೌಲಭ್ಯವೇ ಇಲ್ಲ. ಪ್ರತಿ ಭಾನುವಾರ ಮನೆಗೆ ಬರುವ ತಮ್ಮನೊಡನೆ ಆಡಲು ಆಗದ ಮೇಲೆ ಅದು ಕಪಾಟಿನಲ್ಲೇ ಉಳಿಯಿತು. ಅದೇ ಯಂತ್ರದಲ್ಲಿ ಸೆಗಾ ರ‍್ಯಾಲಿ 30 ಫ್ರೇಮ್‌ಗಳಲ್ಲಿ ಓಡುತ್ತದೆ, ಪರದೆಯನ್ನು ಎರಡಾಗಿಸಿ ಇಬ್ಬರಿಗೂ ಜಾಗ ಕೊಡುತ್ತದೆ.

ರಿಡ್ಜ್ ರೇಸರ್ 1994ರ ಡಿಸೆಂಬರ್ 3ರಂದು, ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಡುಗಡೆಯಾದ ದಿನವೇ ಬಂದ ಆಟ. ನೋಡಲು ಇಂದಿಗೂ ಸುಂದರವಾಗಿದೆ. ಆದರೆ ಅದರ ಡ್ರಿಫ್ಟ್, ಅಂದರೆ ತಿರುವಿನಲ್ಲಿ ಕಾರು ಜಾರುವುದು, ಒಮ್ಮೆ ಆರಂಭವಾದರೆ ಕಾರು ತಾನೇ ತಿರುವನ್ನು ಮುಗಿಸಿಕೊಡುತ್ತದೆ, ನೆಲದ ಹಂಗೇ ಅದಕ್ಕಿಲ್ಲ. ಅದರಲ್ಲೂ ಇಬ್ಬರು ಆಡುವಂತಿಲ್ಲ. ಆಟ ಪೂರ್ತಿ ಮೆಮೊರಿಗೆ ಹೋದ ಮೇಲೆ ಡಿಸ್ಕ್ ತೆಗೆದು ನಮ್ಮದೇ ಹಾಡಿನ ಸಿಡಿ ಹಾಕಿಕೊಳ್ಳಬಹುದೆಂಬುದು ಮಾತ್ರ ನನಗೆ ತುಂಬ ಇಷ್ಟವಾದ ಸಂಗತಿ.

ಇನ್ನು ನನ್ನನ್ನು ನಿಜವಾಗಿ ಕಾಡಿದ ತೊಂದರೆಯ ವಿಷಯಕ್ಕೆ ಬರುತ್ತೇನೆ. ಸ್ಯಾಟರ್ನ್ ಆಟದ ದಾಖಲೆಗಳನ್ನು ಒಳಗಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಆ ಮೆಮೊರಿ ಉಳಿಯುವುದು ಹಿಂಭಾಗದ ಮುಚ್ಚಳದೊಳಗಿನ ಒಂದು ಸಿಆರ್2032 ಗುಂಡಿ ಸೆಲ್‌ನ ಬಲದಿಂದ. ಮಾರಿದವರು ಎಲ್ಲವೂ ಸರಿಯಿದೆ ಎಂದಿದ್ದರು. ಆದರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಯಂತ್ರ ಭಾಷೆ ಯಾವುದು, ದಿನಾಂಕ ಏನು ಎಂದು ಮೊದಲಿನಿಂದ ಕೇಳುತ್ತಿತ್ತು, ಹಿಂದಿನ ದಿನದ ಸಮಯಗಳೆಲ್ಲ ಅಳಿಸಿಹೋಗಿರುತ್ತಿದ್ದವು. ಮೂರು ವಾರ ಹೆಣಗಿ, ಲೇಕ್‌ಸೈಡನ್ನೂ ಮೊದಲಿಗನಾಗಿ ಮುಗಿಸಿ ಗಳಿಸಿದ ಲಾನ್ಸಿಯಾ ಸ್ಟ್ರಾಟೋಸ್ ಕಾರು ಮರುದಿನ ಬೆಳಿಗ್ಗೆ ಇರಲಿಲ್ಲ. ಅಂದು ನನಗಾದ ಬೇಸರ ಚಿಕ್ಕದಲ್ಲ.

ಹೊಸ ಸೆಲ್ ಹಾಕಿದೆ. ಎರಡು ದಿನ ನಿಂತು ಮತ್ತೆ ಎಲ್ಲವೂ ಅಳಿಯಿತು. ಮೆಮೊರಿ ಕಾರ್ಟ್ರಿಜ್ ತರಿಸಿದೆ. ಆ ಯಂತ್ರದ ಕಾರ್ಟ್ರಿಜ್ ಸ್ಲಾಟು ಸಡಿಲಗೊಳ್ಳುವುದಕ್ಕೆ ಹೆಸರಾದದ್ದು, ನಾಲ್ಕು ಸಲ ಹಾಕಿ ತೆಗೆದರೆ ಒಮ್ಮೆ ಗುರುತಿಸುತ್ತಿತ್ತು. ಕೊನೆಗೆ ಹಳೆಯ ರೇಡಿಯೋ ದುರಸ್ತಿ ಮಾಡುವ ಹಿರಿಯರೊಬ್ಬರು ಮುಚ್ಚಳ ತೆರೆದು, ಸೆಲ್ಲನ್ನು ಒತ್ತಿ ಹಿಡಿಯಬೇಕಾದ ತಗಡಿನ ಪಟ್ಟಿ ಬಿಗಿ ಕಳೆದುಕೊಂಡಿರುವುದನ್ನು ತೋರಿಸಿದರು. ಅದನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಕೊಟ್ಟ ಮೇಲೆ ಒಂದು ದಾಖಲೆಯೂ ಹೋಗಿಲ್ಲ. ಜಪಾನಿನ ಯಂತ್ರ 100 ವೋಲ್ಟಿನದಾದ್ದರಿಂದ ಟ್ರಾನ್ಸ್‌ಫಾರ್ಮರ್ ಖರ್ಚು ಬೇರೆ ಇತ್ತು. ಪ್ಲೇಸ್ಟೇಷನ್ನಿನ ಮೆಮೊರಿ ಕಾರ್ಡಿಗೆ ಸೆಲ್‌ನ ಗೊಡವೆಯೇ ಇಲ್ಲ. ಈ ಒಂದು ವಿಷಯದಲ್ಲಿ ರಿಡ್ಜ್ ರೇಸರ್ ನಿಸ್ಸಂದೇಹವಾಗಿ ಮೇಲು.

ಸೆಗಾ ರ‍್ಯಾಲಿಯೇ ಮರಳಿ ಬರಬೇಕು ಎನ್ನುವುದಕ್ಕೆ ಈ ಅನುಭವವೂ ಒಂದು ಕಾರಣ. ರಿಡ್ಜ್ ರೇಸರಿನ ಆರ್ಕೇಡ್ ರೂಪ 2025ರಲ್ಲಿ ಇಂದಿನ ಯಂತ್ರಗಳಿಗೆ ಬಂದಿದೆ. ಡೇಟೋನಾ 2011ರಲ್ಲಿ ಡೌನ್‌ಲೋಡ್ ರೂಪದಲ್ಲಿಯೂ 2017ರಲ್ಲಿ ಹೊಸ ಆರ್ಕೇಡ್ ಯಂತ್ರವಾಗಿಯೂ ಕಾಣಿಸಿಕೊಂಡಿತು. ಸೆಗಾ ರ‍್ಯಾಲಿಗೆ ಕೊನೆಯದಾಗಿ ದೊಡ್ಡ ಪ್ರಯತ್ನ ನಡೆದದ್ದು 2007ರಲ್ಲಿ. ಒಂದು ಸುತ್ತಿನಲ್ಲಿ ಚಕ್ರ ಕೊರೆದ ಗಾಡಿಜಾಡು ಮುಂದಿನ ಸುತ್ತಿನಲ್ಲೂ ಹಾಗೆಯೇ ಉಳಿಯುವ ಆ ಆಟ, ನೆಲವೇ ಮುಖ್ಯ ಎಂಬ ಮೂಲದ ಆಲೋಚನೆಯನ್ನು ನಿಷ್ಠೆಯಿಂದ ಮುಂದುವರಿಸಿತ್ತು. ಅದನ್ನು ರೂಪಿಸಿದ ಸೆಗಾ ರೇಸಿಂಗ್ ಸ್ಟುಡಿಯೋ ಮರುವರ್ಷವೇ ಮುಚ್ಚಿಹೋಯಿತು. 2011ರ ಚಿಕ್ಕ ಡೌನ್‌ಲೋಡ್ ಆಟದ ನಂತರ ಸರಣಿ ಮೌನವಾಗಿದೆ.

ನನಗೆ ಬೇಕಾದದ್ದು ಹೆಚ್ಚೇನಲ್ಲ: ಅದೇ ನಾಲ್ಕು ಹಾದಿಗಳು, ಆರ್ಕೇಡಿನಷ್ಟೇ ನುಣುಪಾದ ಓಟ, ಒಂದೇ ಟಿವಿಯ ಮುಂದೆ ಇಬ್ಬರಿಗೆ ಜಾಗ, ಸೆಲ್ ಸತ್ತರೂ ಅಳಿಯದ ದಾಖಲೆ. ಆ ಆಟದಲ್ಲಿ ಓಡಿಸುವ ಟೊಯೋಟಾ ಸೆಲಿಕಾ ಮತ್ತು ಲಾನ್ಸಿಯಾ ಡೆಲ್ಟಾಗಳ ಪರವಾನಗಿ ಸಿಗದಿದ್ದರೆ ಹೆಸರಿಲ್ಲದ ಕಾರುಗಳಾದರೂ ಆದೀತು, ನೆಲದ ಹಿಡಿತ ಮಾತ್ರ ಬದಲಾಗಬಾರದು. 2,000 ರೂಪಾಯಿಯೊಳಗೆ ಅಂಥದ್ದೊಂದು ಬಂದರೆ ಮೊದಲ ದಿನವೇ ಕೊಳ್ಳುತ್ತೇನೆ. ಅಲ್ಲಿಯವರೆಗೆ ಮೂರರಲ್ಲಿ ಒಂದನ್ನು ಮಾತ್ರ ಕೊಳ್ಳಬಲ್ಲವರಿಗೆ, ಖರ್ಚು ಕಡಿಮೆಯಿರಲಿ ಎನ್ನುವುದಾದರೆ ರಿಡ್ಜ್ ರೇಸರನ್ನೂ, ಜೊತೆಗೆ ಆಡುವವರೊಬ್ಬರು ಮನೆಯಲ್ಲಿದ್ದರೆ ಸ್ಯಾಟರ್ನಿನ ಸೆಗಾ ರ‍್ಯಾಲಿಯನ್ನೂ ಹೇಳುತ್ತೇನೆ. ಹಣ ಕೊಡುವ ಮೊದಲು ಹಿಂಭಾಗದ ಮುಚ್ಚಳ ತೆಗೆಸಿ ಆ ತಗಡಿನ ಪಟ್ಟಿಯನ್ನು ನೋಡಿಕೊಳ್ಳಿ.